ಮಕ್ಕಳನ್ನು ಪೌರನೀತಿ ಪ್ರವಾಸಕ್ಕೆ ಕರೆದುಕೊಂಡು ಹೋಗುವುದು ಹೇಗೆ

ನಾನು ಮದ್ದೂರು ತಾಲ್ಲೂಕಿನ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಗಣಪತಿ ಹಬ್ಬ ಮುಗಿಯಿತು ಅಂದರೆ ನಮ್ಮ ಸ್ಟಾಫ್ ರೂಮಿನಲ್ಲಿ ಒಂದೇ ಮಾತು: ಈ ಸಲ ಟೂರ್ ಎಲ್ಲಿಗೆ?

ಕೆಲವು ವರ್ಷಗಳ ಹಿಂದೆ ಹಂಪಿಗೆ ಹೋಗಿದ್ದೆವು. ವಾಪಸ್ ಬಂದಾಗ ರಾತ್ರಿ ಹತ್ತು ಗಂಟೆ ದಾಟಿತ್ತು. ಊರ ಬಾಗಿಲಲ್ಲಿ ಬಸ್ ನಿಂತಿತು. ಬೀದಿ ದೀಪ ಒಂದೂ ಉರಿಯುತ್ತಿರಲಿಲ್ಲ. ಹತ್ತನೇ ತರಗತಿಯ ಹುಡುಗಿಯೊಬ್ಬಳು ಬ್ಯಾಗು ಹೆಗಲಿಗೇರಿಸಿಕೊಂಡು ಕತ್ತಲೆ ನೋಡುತ್ತಾ ನಿಂತಳು. "ಮಿಸ್, ಈ ಲೈಟು ಹಾಕ್ಸೋದು ಯಾರು?" ಅಂತ ಕೇಳಿದಳು.

ಅವಳು ಜಾಣೆ. ಗ್ರಾಮ ಪಂಚಾಯಿತಿಯ ಕೆಲಸಗಳನ್ನು ಬರೆಯಿರಿ ಅನ್ನುವ ಪ್ರಶ್ನೆಗೆ ಹಿಂದಿನ ಟೆಸ್ಟ್‌ನಲ್ಲಿ ಪೂರ್ತಿ ಅಂಕ ತೆಗೆದಿದ್ದಳು. ಬೀದಿ ದೀಪದ ನಿರ್ವಹಣೆ ಅಂತ ಅವಳೇ ಬರೆದಿದ್ದಳು, ನಾನೇ ರೈಟ್ ಹಾಕಿದ್ದೆ. ಆ ಉತ್ತರಕ್ಕೂ ಈ ಕತ್ತಲೆಗೂ ಸಂಬಂಧ ಇದೆ ಅಂತ ಅವಳಿಗೆ ಹೊಳೆದಿರಲಿಲ್ಲ. ನಾನು ಹಾಗೆ ಕಲಿಸಿಯೇ ಇರಲಿಲ್ಲ.

ಅವತ್ತಿನಿಂದ ಪ್ರವಾಸದ ಕ್ರಮ ಬದಲಿಸಿದೆ. ಹಂಪಿ, ಜೋಗ ಬೇಡ ಅಂತಲ್ಲ, ಅವನ್ನೂ ಮಕ್ಕಳು ನೋಡಲಿ. ಆದರೆ ಮಕ್ಕಳ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಎಲ್ಲಿ ಕೂತಿದ್ದಾರೋ ಅಲ್ಲಿಗೂ ಕರೆದುಕೊಂಡು ಹೋಗಬೇಕು. ಅದನ್ನು ಹೇಗೆ ಮಾಡುತ್ತೇನೆ ಅಂತ ಇಲ್ಲಿ ಬರೆಯುತ್ತಿದ್ದೇನೆ. ಮಂಡ್ಯ, ಮೈಸೂರು ಕಡೆಯ ಮೇಷ್ಟ್ರುಗಳಿಗೆ ಇದು ನೇರವಾಗಿ ಉಪಯೋಗಕ್ಕೆ ಬರುತ್ತದೆ. ಬೇರೆ ಜಿಲ್ಲೆಯವರು ಜಾಗಗಳನ್ನು ಬದಲಿಸಿಕೊಳ್ಳಿ.

ಮೊದಲು ಪ್ರಶ್ನೆ, ಆಮೇಲೆ ಬಸ್ಸು

ಜೂನ್‌ನಲ್ಲಿ ಒಂಬತ್ತನೇ ತರಗತಿಯ ಮೇಜಿನ ಮೇಲೆ ನೂರು ಪುಟದ ಒಂದು ನೋಟ್‌ಬುಕ್ ಇಡುತ್ತೇನೆ. ಹೊರಗಡೆ 'ಯಾರ ಕೆಲಸ?' ಅಂತ ಬರೆದಿರುತ್ತೇನೆ. ಶಾಲೆಗೆ ಬರುವ ದಾರಿಯಲ್ಲಿ, ಮನೆಯಲ್ಲಿ, ಜಮೀನಿನಲ್ಲಿ ಕಂಡದ್ದನ್ನು ಮಕ್ಕಳು ಅದರಲ್ಲಿ ಬರೆಯಬೇಕು. ಬಸ್ ಸ್ಟಾಪ್ ಹತ್ತಿರದ ಕಸ ಯಾರು ಎತ್ತಬೇಕು? ನಲ್ಲಿಯಲ್ಲಿ ಎರಡು ದಿನಕ್ಕೊಂದು ಸಲ ಯಾಕೆ ನೀರು? ಕಬ್ಬಿನ ರೇಟು ಯಾರು ಗೊತ್ತು ಮಾಡ್ತಾರೆ? ನಾಲೆಗೆ ನೀರು ಬಿಡೋದು ಯಾವಾಗ ಅಂತ ಹೇಳೋರು ಯಾರು?

ಮಕ್ಕಳ ಭಾಷೆ ತಿದ್ದಬೇಡಿ. ಪ್ರಶ್ನೆ ಅವರದಾಗಿಯೇ ಇರಲಿ.

ತಿಂಗಳು ಕಳೆದ ಮೇಲೆ ಗೋಡೆಗೆ ದೊಡ್ಡ ಹಾಳೆ ಅಂಟಿಸಿ ಪ್ರಶ್ನೆಗಳನ್ನು ವಿಂಗಡಿಸುತ್ತೇವೆ. ಯಾವುದು ಪಂಚಾಯಿತಿದು, ಯಾವುದು ರಾಜ್ಯ ಸರ್ಕಾರದ್ದು, ಯಾವುದು ದೆಹಲಿಗೆ ಸೇರಿದ್ದು, ಯಾವುದು ಕೋರ್ಟಿನದು. ಕಬ್ಬಿನ ಎಫ್‌ಆರ್‌ಪಿ, ಅಂದರೆ ಕಾರ್ಖಾನೆಯವರು ರೈತರಿಗೆ ಕೊಡಲೇಬೇಕಾದ ಕನಿಷ್ಠ ಬೆಲೆ, ಗೊತ್ತು ಮಾಡುವುದು ಕೇಂದ್ರ ಸರ್ಕಾರ ಅಂದಾಗ ಮಕ್ಕಳು ಬೆರಗಾಗುತ್ತಾರೆ. ನಮ್ಮ ಗದ್ದೆಯ ಕಬ್ಬಿಗೆ ಅಷ್ಟು ದೂರದಲ್ಲಿ ಬೆಲೆ ಕಟ್ಟುತ್ತಾರಾ ಅಂತ. ಎಲ್ಲಿಗೆ ಹೋಗಬೇಕು ಅನ್ನುವುದು ಆ ಹಾಳೆಯಿಂದಲೇ ತಾನಾಗಿ ಗೊತ್ತಾಗುತ್ತದೆ. ಹೊರಡುವ ದಿನ ಪ್ರತಿ ಮಗುವಿನ ಜೇಬಿನಲ್ಲಿ ಒಂದು ಚೀಟಿ, ಚೀಟಿಯಲ್ಲಿ ಒಂದೇ ಪ್ರಶ್ನೆ. ಎರಡು ಕೊಟ್ಟರೆ ಎರಡನ್ನೂ ಕೇಳುವುದಿಲ್ಲ.

ಮೊದಲ ಪ್ರವಾಸ ನಡೆದುಕೊಂಡೇ

ಮೊದಲು ನಿಮ್ಮ ಗ್ರಾಮ ಪಂಚಾಯಿತಿಗೆ ಹೋಗಿ. ಖರ್ಚಿಲ್ಲ. ಆದರೆ ಹತ್ತು ದಿನ ಮುಂಚೆ ಮುಖ್ಯ ಶಿಕ್ಷಕರ ಸಹಿ ಇರುವ ಪತ್ರ ಕೊಟ್ಟು, ನಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿಕೊಂಡು ಬನ್ನಿ. ಇದನ್ನು ನಾನು ಕಷ್ಟಪಟ್ಟು ಕಲಿತೆ. ಎರಡನೇ ವರ್ಷ, ಫೋನಿನಲ್ಲಿ ಹೇಳಿದ್ದೇನಲ್ಲ ಅಂದುಕೊಂಡು ಮಕ್ಕಳನ್ನು ಒಂದು ದೊಡ್ಡ ಕಚೇರಿಗೆ ಕರೆದುಕೊಂಡು ಹೋದೆ. ಒಂದು ಗಂಟೆ ಬಿಸಿಲಲ್ಲಿ ನಿಲ್ಲಿಸಿ, ಸಾಹೇಬರು ಇಲ್ಲ, ಇನ್ನೊಂದು ದಿನ ಬನ್ನಿ ಅಂದುಬಿಟ್ಟರು. ಮಕ್ಕಳು ಏನೂ ಮಾತಾಡದೆ ವಾಪಸ್ ನಡೆದರು. ಆ ಮುಖಗಳು ನನಗೆ ಇನ್ನೂ ನೆನಪಿವೆ. ಎರಡನೇ ಮತ್ತು ನಾಲ್ಕನೇ ಶನಿವಾರ ಕಚೇರಿಗಳಿಗೆ ರಜೆ ಇರುತ್ತದೆ, ಅದನ್ನೂ ನೋಡಿಕೊಳ್ಳಿ.

ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರಿಗೆ ಮೊದಲೇ ಹೇಳಿಬಿಡಿ: ಹಾರ ಬೇಡ, ಭಾಷಣ ಬೇಡ, ಮೈಕೂ ಬೇಡ. ಮಕ್ಕಳು ನೆಲದ ಮೇಲೆ ಕೂರುತ್ತಾರೆ, ಕೇಳುತ್ತಾರೆ, ನೀವು ಉತ್ತರ ಕೊಟ್ಟರೆ ಸಾಕು. ಒಂದು ಸಲಕ್ಕೆ ಇಪ್ಪತ್ತೈದು ಮಕ್ಕಳಿಗಿಂತ ಜಾಸ್ತಿ ಬೇಡ. ನೋಟಿಸ್ ಬೋರ್ಡನ್ನು ಮಕ್ಕಳೇ ಗಟ್ಟಿಯಾಗಿ ಓದಲಿ. ಈ ವರ್ಷದ ಕ್ರಿಯಾ ಯೋಜನೆ ತೋರಿಸಿ ಅಂತ ಕೇಳಲಿ. ಯಾವ ಬೀದಿಗೆ ಚರಂಡಿ, ಯಾವುದಕ್ಕೆ ಎಷ್ಟು ದುಡ್ಡು ಅಂತ ಅದರಲ್ಲಿ ಇರುತ್ತದೆ. ತಮ್ಮ ಬೀದಿಯ ಹೆಸರು ಕಂಡರೆ ಸಾಕು, ಹಿಂದಿನ ಸಾಲಿನವರೂ ಎದ್ದು ಮುಂದೆ ಬರುತ್ತಾರೆ.

ಹೋಗುವಾಗ ಮನೆಯ ಕಂದಾಯದ ರಸೀದಿ ತರಲು ಹೇಳಿ. ಇದು ನನಗೆ ತುಂಬಾ ಫಲ ಕೊಟ್ಟ ಉಪಾಯ. ಮನೆಗೆ ಕಂದಾಯ ಕಟ್ಟುತ್ತೇವೆ ಅನ್ನುವುದೇ ಎಷ್ಟೋ ಮಕ್ಕಳಿಗೆ ಗೊತ್ತಿರುವುದಿಲ್ಲ. ರಸೀದಿ ಕೈಯಲ್ಲಿದ್ದರೆ ಕೇಳುವ ದನಿಯೇ ಬೇರೆ ಆಗುತ್ತದೆ. ನೀರುಗಂಟಿಯನ್ನೂ ಬಿಲ್ ಕಲೆಕ್ಟರನ್ನೂ ತಪ್ಪದೆ ಮಾತಾಡಿಸಿ. ಊರಿನ ನೀರಿನ ವಿಷಯ ನೀರುಗಂಟಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿಲ್ಲ.

ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ, ಅರ್ಧ ಸ್ಥಾನ ಹೆಣ್ಣುಮಕ್ಕಳಿಗೆ, ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಇಲ್ಲ. ಇಷ್ಟನ್ನು ತರಗತಿಯಲ್ಲೇ ಹೇಳಿಕೊಟ್ಟಿರಿ. ಅಲ್ಲಿ ಏನು ಕಾಣುತ್ತದೋ ಅದನ್ನು ಮಕ್ಕಳೇ ನೋಡಲಿ. ಒಂದು ವರ್ಷ ಸದಸ್ಯೆಯೊಬ್ಬರು ಬಂದಿದ್ದರು, ಜತೆಗೆ ಅವರ ಯಜಮಾನರೂ ಬಂದಿದ್ದರು. ಪ್ರತಿ ಪ್ರಶ್ನೆಗೂ ಯಜಮಾನರದೇ ಉತ್ತರ. ಕೊನೆಗೆ ಒಬ್ಬಳು ಹುಡುಗಿ ಎದ್ದು, "ಅಕ್ಕ, ಓಟು ಗೆದ್ದಿರೋದು ನೀವಲ್ವಾ, ನೀವು ಹೇಳಿ" ಅಂದಳು. ಒಂದು ಕ್ಷಣ ಎಲ್ಲರೂ ಸುಮ್ಮನಾದರು. ಆಮೇಲೆ ಆ ಸದಸ್ಯೆ ಮಾತಾಡಿದರು. ಅಂಗನವಾಡಿ ಗೋಡೆ ಬಿರುಕು ಬಿಟ್ಟಿದ್ದು, ಅದಕ್ಕೆ ತಾನು ಎಷ್ಟು ಸಲ ಅರ್ಜಿ ಕೊಟ್ಟೆ ಅನ್ನುವುದು, ಎಲ್ಲವನ್ನೂ ಹೇಳಿದರು. ಚೆನ್ನಾಗಿ ಮಾತಾಡಿದರು.

ಶಿವಪುರದಲ್ಲಿ ಅರ್ಧ ದಿನ

ನಮ್ಮ ತಾಲ್ಲೂಕಿನ ಭಾಗ್ಯ ಅಂದರೆ ಶಿವಪುರ. ಮದ್ದೂರು ಪೇಟೆಗೆ ಅಂಟಿಕೊಂಡೇ ಇದೆ. ಸತ್ಯಾಗ್ರಹ ಸೌಧವನ್ನು ಬಸ್ಸಿನಿಂದ ದಿನಾ ನೋಡುವ ಮಕ್ಕಳಿದ್ದಾರೆ, ಒಳಗೆ ಕಾಲಿಟ್ಟವರು ಕಡಿಮೆ. 1938ರ ಏಪ್ರಿಲ್‌ನಲ್ಲಿ ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನ ನಡೆದಿದ್ದು ಇಲ್ಲೇ. ಟಿ. ಸಿದ್ದಲಿಂಗಯ್ಯನವರು ಅಧ್ಯಕ್ಷರು. ತ್ರಿವರ್ಣ ಧ್ವಜ ಹಾರಿಸಬಾರದು ಅಂತ ಆಗಿನ ಸರ್ಕಾರ ನಿಷೇಧ ಹೇರಿತ್ತು. ಏಪ್ರಿಲ್ 11ರಂದು ಹಾರಿಸಿಯೇಬಿಟ್ಟರು, ಜೈಲಿಗೂ ಹೋದರು. ಅದೇ ತಿಂಗಳು 25ರಂದು ವಿದುರಾಶ್ವತ್ಥದಲ್ಲಿ ಗೋಲಿಬಾರ್ ಆಯಿತು. ಆಮೇಲೆ ಸರ್ದಾರ್ ಪಟೇಲರು ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ ಜತೆ ಮಾತುಕತೆ ನಡೆಸಿದರು.

ಇದನ್ನೆಲ್ಲ ಅಲ್ಲಿ ನಿಂತು ಪಾಠದಂತೆ ಹೇಳಬೇಡಿ. ಮಕ್ಕಳು ಸುಸ್ತಾಗಿ ಮೊಬೈಲಲ್ಲಿ ಫೋಟೊ ತೆಗೆಯಲು ಶುರು ಮಾಡುತ್ತಾರೆ. ನಾನು ಒಂದು ಆಟ ಆಡಿಸುತ್ತೇನೆ. ಹೊರಗಿನ ಅಂಗಳದಲ್ಲಿ ಸೀಮೆಸುಣ್ಣದಿಂದ ಒಂದು ಗೆರೆ ಎಳೆಯುತ್ತೇನೆ. ನಾನು ಅಮಲ್ದಾರ, ಅಂದರೆ ಆಗಿನ ತಾಲ್ಲೂಕಿನ ಅಧಿಕಾರಿ. 'ಈ ಗೆರೆ ದಾಟಿ ಧ್ವಜ ಹಾರಿಸಿದವರಿಗೆ ಜೈಲು' ಅಂತ ಆಜ್ಞೆ ಓದುತ್ತೇನೆ. ದಾಟುವವರು ದಾಟಬಹುದು. ದಾಟಿದವರೂ ದಾಟದವರೂ ಕಾರಣ ಹೇಳಬೇಕು.

ಮೊದಲ ಸಲ ಎಲ್ಲರೂ ಜೈಕಾರ ಹಾಕುತ್ತಾ ದಾಟಿಬಿಟ್ಟರು, ಒಬ್ಬ ಹುಡುಗನನ್ನು ಬಿಟ್ಟು. "ನಮ್ಮಪ್ಪನಿಗೆ ನಾನೊಬ್ಬನೇ ಮಿಸ್. ನಾನು ಜೈಲಿಗೆ ಹೋದ್ರೆ ಗದ್ದೆ ಕೆಲಸ ಯಾರು ಮಾಡ್ತಾರೆ?" ಅಂದ. ಎಲ್ಲರೂ ನಕ್ಕರು. ನಾನು ನಗಲಿಲ್ಲ. 1938ರಲ್ಲಿ ಇಲ್ಲಿ ಸೇರಿದ್ದ ರೈತರಿಗೂ ಗದ್ದೆ ಇತ್ತು, ಅಪ್ಪ ಅಮ್ಮ ಇದ್ದರು, ಅವರೂ ಇದನ್ನೇ ಯೋಚಿಸಿರುತ್ತಾರೆ ಅಲ್ವಾ ಅಂತ ಕೇಳಿದೆ. ದಾಟಿದ್ದವರಲ್ಲಿ ಆರು ಮಂದಿ ಮೆಲ್ಲಗೆ ವಾಪಸ್ ಬಂದರು. ನನ್ನ ಪ್ರಕಾರ ಅವತ್ತಿನ ಪಾಠ ನಡೆದಿದ್ದು ಆ ಎರಡು ನಿಮಿಷದಲ್ಲಿ.

ಮೈಸೂರಿನಲ್ಲಿ ಒಂದು ದಿನ

ಬೆಳಗ್ಗೆ ಮದ್ದೂರಿನಿಂದ ರೈಲು ಹತ್ತಿ ಮೈಸೂರಿಗೆ ಹೋಗುತ್ತೇವೆ. ಅರಮನೆ, ಝೂ ಎರಡನ್ನೂ ಹೆಚ್ಚಿನ ಮಕ್ಕಳು ಆಗಲೇ ನೋಡಿರುತ್ತಾರೆ. ನಾವು ಸ್ಟೇಷನ್ನಿನಿಂದ ನಡೆದು ಪುರಭವನಕ್ಕೆ ಹೋಗುತ್ತೇವೆ. ದೊಡ್ಡ ಗಡಿಯಾರದ ಹತ್ತಿರ ಇರುವ ಈ ಕಟ್ಟಡಕ್ಕೆ ದಿವಾನ್ ರಂಗಾಚಾರ್ಲು ಅವರ ಹೆಸರಿದೆ. 1881ರಲ್ಲಿ ಮೈಸೂರಿನ ಪ್ರಜಾಪ್ರತಿನಿಧಿ ಸಭೆಯನ್ನು ಶುರು ಮಾಡಿದವರು ಅವರೇ. ಮೊದಲ ಸಭೆಗೆ 144 ಜನ ಬಂದಿದ್ದರು. ಅವರಿಗೆ ಕಾನೂನು ಮಾಡುವ ಅಧಿಕಾರ ಇರಲಿಲ್ಲ. ಊರಿನ ಕಷ್ಟ ಹೇಳಿಕೊಳ್ಳಬಹುದಿತ್ತು, ಸರ್ಕಾರದ ಲೆಕ್ಕ ಕೇಳಿಸಿಕೊಳ್ಳಬಹುದಿತ್ತು. ಆ ಕಾಲಕ್ಕೆ ಅದೂ ದೊಡ್ಡ ಮಾತೇ.

ಕಾರ್ಯಕ್ರಮ ಇದ್ದರೆ ಒಳಗೆ ಬಿಡುವುದಿಲ್ಲ. ಹೊರಗಡೆಯೇ ಸಾಕು. ಎಲ್ಲ ಮಕ್ಕಳನ್ನೂ ನಿಲ್ಲಿಸಿ ಕೇಳುತ್ತೇನೆ: ನಿಮ್ಮಲ್ಲಿ ಯಾರು ಆ 144 ಜನರಲ್ಲಿ ಒಬ್ಬರಾಗಬಹುದಿತ್ತು? ದೊಡ್ಡ ಜಮೀನು, ದೊಡ್ಡ ವ್ಯಾಪಾರ ಇಲ್ಲದ ಮನೆಯವರು ಕೂತುಕೊಳ್ಳಿ. ಹೆಚ್ಚುಕಡಿಮೆ ಎಲ್ಲರೂ ಕೂರುತ್ತಾರೆ. ಉಳಿದ ಹುಡುಗಿಯರೂ ಕೂತುಕೊಳ್ಳಿ, ನಿಮ್ಮ ಸರದಿ ಬರಲು 1923ರ ತನಕ ಕಾಯಬೇಕು. ಆಮೇಲೆ ನಿಂತಿರುವುದು ಒಬ್ಬರೋ ಇಬ್ಬರೋ. ಒಂದು ವರ್ಷ ಒಬ್ಬರೂ ಉಳಿಯಲಿಲ್ಲ.

ಪುರಭವನದ ಮುಂದೆಯೇ ಅಂಬೇಡ್ಕರ್ ಪ್ರತಿಮೆ ಇದೆ. ಅಲ್ಲಿಗೆ ಕರೆದುಕೊಂಡು ಹೋಗಿ, 1950ರಲ್ಲಿ ಸಂವಿಧಾನ ಜಾರಿಗೆ ಬಂತು, ಈಗ ಯಾರು ಯಾರು ಎದ್ದು ನಿಲ್ಲಬಹುದು ಅಂತ ಕೇಳುತ್ತೇನೆ. ವಯಸ್ಸು ತುಂಬಿದ ಎಲ್ಲರೂ. ಆಗ 21 ವರ್ಷ, 1989ರಿಂದ 18. ಮಕ್ಕಳು ಒಟ್ಟಿಗೆ ಎದ್ದು ನಿಲ್ಲುವ ಸದ್ದಿದೆಯಲ್ಲ, ಅದನ್ನು ಕೇಳಲಿಕ್ಕಾದರೂ ನಾನು ವರ್ಷ ವರ್ಷ ಹೋಗುತ್ತೇನೆ.

ಅಲ್ಲಿಂದ ರಾಮಸ್ವಾಮಿ ಸರ್ಕಲ್. ಸಿಟಿ ಬಸ್ಸಿನಲ್ಲಿ ಎಲ್ಲರೂ ಕೇಳಿರುವ ಹೆಸರು. ರಾಮಸ್ವಾಮಿ ಯಾರು ಅಂದರೆ ಯಾವುದೋ ಸ್ವಾಮೀಜಿ ಅಂತಲೋ, ಮಂತ್ರಿ ಅಂತಲೋ ಹೇಳುತ್ತಾರೆ. ಅವನು ಇವರಂತೆಯೇ ಒಬ್ಬ ವಿದ್ಯಾರ್ಥಿ. ದೇಶಕ್ಕೆ ಸ್ವಾತಂತ್ರ್ಯ ಬಂದಿದ್ದರೂ ಮೈಸೂರಿನಲ್ಲಿ ಜನರ ಸರ್ಕಾರ ಇನ್ನೂ ಬಂದಿರಲಿಲ್ಲ. ಅದಕ್ಕಾಗಿ ನಡೆದ ಮೈಸೂರು ಚಲೋ ಚಳವಳಿಯಲ್ಲಿ, 1947ರ ಸೆಪ್ಟೆಂಬರ್‌ನಲ್ಲಿ ಗುಂಡಿಗೆ ಬಲಿಯಾದ. ಮುಂದಿನ ತಿಂಗಳೇ ಕೆ.ಸಿ. ರೆಡ್ಡಿಯವರ ಸರ್ಕಾರ ಬಂತು. ಟ್ರಾಫಿಕ್ ಗದ್ದಲದಲ್ಲಿ ಜಾಸ್ತಿ ಹೊತ್ತು ನಿಲ್ಲಲು ಆಗುವುದಿಲ್ಲ. ಎರಡು ನಿಮಿಷ ಸಾಕು.

ಮೈಸೂರಿನಲ್ಲೇ ಇರುವ ಇನ್ನೊಂದು ಜಾಗ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಶುರುವಾಗಿದ್ದು. 1962ರ ಚುನಾವಣೆಯಿಂದ ಇಡೀ ದೇಶಕ್ಕೆ ಬೆರಳಿಗೆ ಹಚ್ಚುವ ಶಾಯಿ ಇಲ್ಲಿಂದಲೇ ಹೋಗುತ್ತದೆ. ನಾನು ಎರಡನೇ ಪೋಲಿಂಗ್ ಆಫೀಸರ್ ಆಗಿ ಎಷ್ಟು ಎಡಗೈ ತೋರುಬೆರಳಿಗೆ ಆ ಶಾಯಿ ಹಚ್ಚಿದ್ದೇನೋ ಲೆಕ್ಕವಿಲ್ಲ. ಒಳಗೆ ಹೋಗಬೇಕಾದರೆ ತುಂಬಾ ಮುಂಚೆ ಪತ್ರ ಬರೆದು ಕೇಳಿ. ಒಪ್ಪಿಗೆ ಸಿಗದಿದ್ದರೆ ಶಾಯಿಯ ಕಥೆಯನ್ನು ರೈಲಿನಲ್ಲಿ ಹೇಳಿ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮದ ಮೇಲೆ ಯಾಕೆ ಉಳಿಯುತ್ತದೆ ಅಂತ ವಿಜ್ಞಾನದ ಮೇಷ್ಟ್ರು ಹೇಳಲಿ.

ನೀರಿನ ಹಿಂದೆ

ಮಂಡ್ಯದ ಮಕ್ಕಳಿಗೆ ಇದಕ್ಕಿಂತ ದೊಡ್ಡ ಪೌರನೀತಿ ಪಾಠ ಇಲ್ಲ. ಕೆಆರ್‌ಎಸ್‌ಗೆ ಎಲ್ಲ ಶಾಲೆಯವರೂ ಹೋಗುತ್ತಾರೆ, ಬೃಂದಾವನದ ಕಾರಂಜಿ ನೋಡಿ ಬರುತ್ತಾರೆ. ನಾವು ತಿರುಗಾಮುರುಗ ಹೋಗುತ್ತೇವೆ. ಮೊದಲು ನಮ್ಮೂರ ಗದ್ದೆಯ ತೂಬಿನ ಹತ್ತಿರ. ಅಲ್ಲಿ ಒಬ್ಬ ಹಿರಿಯ ರೈತರನ್ನು ಕೂರಿಸಿ ಮಾತಾಡಿಸುತ್ತೇವೆ. ಯಾವ ವರ್ಷ ನೀರು ಬರಲಿಲ್ಲ, ಅವಾಗ ಏನು ಮಾಡಿದಿರಿ, ಯಾರನ್ನು ಕೇಳಿದಿರಿ. ಆಮೇಲೆ ಮೇಲಿನ ನಾಲೆ, ಅಲ್ಲಿಂದ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ. ಅದಕ್ಕೆ ಮೊದಲು ಇರ್ವಿನ್ ನಾಲೆ ಅಂತ ಹೆಸರಿತ್ತು. ಕೊನೆಗೆ ಕಟ್ಟೆ.

ಒಂದು ತಿಂಗಳು ಮುಂಚಿನಿಂದ ಪೇಪರಿನಲ್ಲಿ ಬರುವ ಕೆಆರ್‌ಎಸ್ ಮಟ್ಟವನ್ನು ಮಕ್ಕಳು ದಿನಾ ಬರೆದಿಟ್ಟಿರುತ್ತಾರೆ. ಗರಿಷ್ಠ ಮಟ್ಟ 124.80 ಅಡಿ, ತುಂಬಿದರೆ 49.45 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ ನೀರು). ಕಟ್ಟೆಯ ಮೇಲೆ ಜನರನ್ನು ಬಿಡುವುದಿಲ್ಲ, ಕೆಳಗಿನಿಂದ ನೋಡಬೇಕು. 1911ರಲ್ಲಿ ಕೆಲಸ ಶುರುವಾದಾಗ ಹಳೇ ಕನ್ನಂಬಾಡಿ ಮುಳುಗಡೆಗೆ ಸಿಕ್ಕಿತು. ನಮ್ಮ ಗದ್ದೆಗೆ ನೀರು ಬಂದಿದ್ದಕ್ಕೆ ಯಾರದೋ ಊರು ಮುಳುಗಿತು ಅನ್ನುವುದನ್ನು ಮಕ್ಕಳಿಗೆ ಹೇಳಲೇಬೇಕು. ನಾಲೆಗೆ ಯಾವಾಗ ನೀರು ಬಿಡಬೇಕು ಅಂತ ಮಾತಾಡಲು ನೀರಾವರಿ ಸಲಹಾ ಸಮಿತಿ ಇದೆ ಅನ್ನುವುದನ್ನೂ ಹೇಳಿ. ತೂಬಿನ ಹತ್ತಿರ ಕೇಳಿದ ಪ್ರಶ್ನೆಗೆ ಉತ್ತರ ಶುರುವಾಗುವುದು ಅಲ್ಲಿಂದ.

ಊಟವಾದ ಮೇಲೆ ನಾಲ್ಕು ಗುಂಪು ಮಾಡುತ್ತೇನೆ: ಮಂಡ್ಯದ ರೈತ, ತಂಜಾವೂರಿನ ರೈತ, ಬೆಂಗಳೂರಿನ ಮನೆಯವರು, ಮೈಸೂರಿನ ಮನೆಯವರು. ಬೆಂಗಳೂರಿಗೆ ನೀರು ಹೋಗುವುದು ನಮ್ಮ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದಲೇ. 2018ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿ ತಮಿಳುನಾಡಿಗೆ 177.25 ಟಿಎಂಸಿ ಬಿಡಬೇಕು ಅಂತಾಯಿತು. ಕರ್ನಾಟಕಕ್ಕೆ ಹೆಚ್ಚಿಗೆ ಸಿಕ್ಕಿದ್ದು 14.75. ಅದರಲ್ಲಿ 4.75 ಬೆಂಗಳೂರಿಗೆ ಕುಡಿಯಲು. ಈ ಅಂಕಿ ಬೋರ್ಡಿನ ಮೇಲೆ ಬರೆದು, ಮಳೆ ಕಡಿಮೆಯಾದ ವರ್ಷ ಹೇಗೆ ಹಂಚುತ್ತೀರಿ ಅಂತ ಬಿಡುತ್ತೇನೆ. ಬೇಕಂತಲೇ ಜೋರು ಮಾತಿನ ಹುಡುಗರನ್ನು ತಂಜಾವೂರಿನ ಗುಂಪಿಗೆ ಹಾಕುತ್ತೇನೆ. ಕಳೆದ ಸಲ ಆ ಗುಂಪಿನಲ್ಲಿದ್ದ ಹುಡುಗನ ಅಪ್ಪ ಕಾವೇರಿ ಗಲಾಟೆಯಲ್ಲಿ ಹೆದ್ದಾರಿಯ ಮೇಲೆ ಕೂತವರು. ಅವನು ಅರ್ಧ ಗಂಟೆ ತಂಜಾವೂರಿನ ರೈತನ ಪರ ವಾದ ಮಾಡಿದ. "ಅವರ ಪೈರೂ ಒಣಗ್ತದೆ" ಅಂದ. ಮನೆಗೆ ಹೋಗಿ ಅಪ್ಪನಿಗೂ ಹೇಳಿದನಂತೆ. ಮಾರನೇ ದಿನ ಅಪ್ಪ ಶಾಲೆಗೆ ಬಂದರು. ಜಗಳಕ್ಕೆ ಅಂದುಕೊಂಡೆ. ಆ ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆದುಕೊಡಿ ಅಂತ ಕೇಳಿದರು.

ಕೋರ್ಟು ನೋಡಬೇಕಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಬರೆಯಿರಿ, ನೇರವಾಗಿ ಹೋಗಬೇಡಿ. ವಿಧಾನಸೌಧಕ್ಕೆ ಅಧಿವೇಶನ ನಡೆಯುವಾಗಲೇ ಹೋಗಬೇಕು, ಪಾಸಿಗೆ ಶಾಸಕರ ಕಚೇರಿಯಲ್ಲಿ ಮೊದಲೇ ಕೇಳಿ. ಖಾಲಿ ಕಟ್ಟಡದ ಮುಂದೆ ಫೋಟೊ ತೆಗೆಸಿಕೊಂಡು ಬರಲು ಬೆಂಗಳೂರಿನ ತನಕ ಹೋಗಬೇಕಾಗಿಲ್ಲ.

ದುಡ್ಡು, ಅನುಮತಿ, ಶೌಚಾಲಯ

ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯ ಅನುಮತಿ, ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಒಪ್ಪಿಗೆ, ಪ್ರತಿ ಮನೆಯಿಂದ ಸಹಿ ಮಾಡಿದ ಪತ್ರ, ಈ ಮೂರೂ ಇಲ್ಲದೆ ಹೊರಡಬೇಡಿ. ಡಿಸೆಂಬರ್ ಒಳಗೆ ಎಲ್ಲ ಮುಗಿಸಿ. ಹತ್ತನೇ ತರಗತಿಯವರಿಗೆ ಆಮೇಲೆ ಪರೀಕ್ಷೆಯ ಗಾಬರಿ. ಖರ್ಚು ಕಡಿಮೆ ಮಾಡಲು ಲೈನ್ ಬಸ್, ರೈಲು ನಂಬಿ. ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ, ಆಧಾರ್ ಕಾರ್ಡ್ ತಂದರೆ ಸಾಕು. ಮೊದಲೆಲ್ಲ ದುಡ್ಡಿಲ್ಲ ಅಂತ ಮನೆಯವರು ಮೊದಲು ಬಿಡಿಸುತ್ತಿದ್ದದ್ದು ಹೆಣ್ಣುಮಕ್ಕಳನ್ನೇ. ಹುಡುಗರ ಟಿಕೆಟ್ಟಿಗೆ ನಾವು ಹಳೇ ವಿದ್ಯಾರ್ಥಿಗಳನ್ನು ಕೇಳುತ್ತೇವೆ, ಕೊಡುತ್ತಾರೆ. ಊಟ ಬುತ್ತಿಯೇ. ಚಿತ್ರಾನ್ನ, ಪುಳಿಯೋಗರೆ ಹಂಚಿಕೊಂಡು ತಿನ್ನುತ್ತೇವೆ.

ಶೌಚಾಲಯದ ವಿಷಯ ಯಾರೂ ಬರೆಯುವುದಿಲ್ಲ, ನಾನು ಬರೆಯುತ್ತೇನೆ. ಒಂದು ವಾರ ಮುಂಚೆ ನೀವೇ ಹೋಗಿ ದಾರಿಯುದ್ದಕ್ಕೂ ನೋಡಿ ಬನ್ನಿ. ಎಲ್ಲಿದೆ, ಬೀಗ ಹಾಕಿದ್ದಾರಾ, ನೀರಿದೆಯಾ. ನೀರು ಕುಡಿದರೆ ಕಷ್ಟ ಅಂತ ಹುಡುಗಿಯರು ದಿನವಿಡೀ ನೀರು ಕುಡಿಯದೆ ಇರುತ್ತಾರೆ, ಸಂಜೆಗೆ ತಲೆ ಸುತ್ತುತ್ತದೆ. ಬ್ಯಾಗಿನಲ್ಲಿ ಪ್ಯಾಡ್ ಇಟ್ಟುಕೊಳ್ಳಿ. ಹೋದ ಕಡೆಯ ಶೌಚಾಲಯ ಹಾಳಾಗಿದ್ದರೆ 'ಯಾರ ಕೆಲಸ?' ನೋಟ್‌ಬುಕ್ಕಿನಲ್ಲಿ ಅದನ್ನೂ ಬರೆಸಿ.

ವಾಪಸ್ ಬಂದ ಮೇಲೆ

ಮಾರನೇ ದಿನ ಪ್ರಬಂಧ ಬರೆಸಬೇಡಿ. ಒಂದು ಪತ್ರ ಬರೆಸಿ. ಮಾತಾಡಿದ ಪ್ರತಿಯೊಬ್ಬರಿಗೂ, ನೀರುಗಂಟಿಗೂ ಸೇರಿಸಿ, ಮಕ್ಕಳ ಕೈಬರಹದಲ್ಲಿ ಥ್ಯಾಂಕ್ಸ್ ಪತ್ರ ಹೋಗಬೇಕು. ಅದರಲ್ಲೇ ಕೊನೆಗೆ, 'ನೀವು ಹೀಗೆ ಹೇಳಿದಿರಿ, ಇಷ್ಟು ದಿನದಲ್ಲಿ ಆಗುತ್ತದೆ ಅಂದಿರಿ' ಅಂತ ತಾರೀಕಿನ ಸಮೇತ ಬರೆದಿರಬೇಕು. ಸಿಟ್ಟಿನ ಮಾತು ಬೇಡ. ತಾರೀಕೇ ಸಾಕು.

ಆಮೇಲೆ ನವೆಂಬರ್ ಹೊತ್ತಿಗೆ ಮಕ್ಕಳ ಗ್ರಾಮ ಸಭೆ. ಕರ್ನಾಟಕದಲ್ಲಿ ಪಂಚಾಯಿತಿಗಳು ವರ್ಷಕ್ಕೊಮ್ಮೆ ಇದನ್ನು ನಡೆಸಬೇಕು. ಎಷ್ಟೋ ಕಡೆ ಬಿಸ್ಕತ್ತು ಹಂಚಿ, ಹಾಡು ಹೇಳಿಸಿ ಮುಗಿಸಿಬಿಡುತ್ತಾರೆ. ಮಕ್ಕಳು ತಯಾರಾಗಿ ಹೋದರೆ ಹಾಗಾಗುವುದಿಲ್ಲ. ಮೂರೇ ಬೇಡಿಕೆ ಇಟ್ಟುಕೊಳ್ಳಿ. ಒಬ್ಬರು ಓದಲಿ, ಒಬ್ಬರು ಉತ್ತರ ಬರೆದುಕೊಳ್ಳಲಿ, ಒಬ್ಬರು ನಡಾವಳಿಯಲ್ಲಿ ಅದು ಸೇರಿತಾ ಅಂತ ನೋಡಲಿ. ಆ ಮೂರನೆಯ ಕೆಲಸಕ್ಕೆ ನಾನು ತುಂಬಾ ಮೌನವಾಗಿರುವ ಮಗುವನ್ನೇ ಆರಿಸುತ್ತೇನೆ. ಅಂಥವರು ಬಿಡುವುದಿಲ್ಲ.

ಬೀದಿ ದೀಪ ಕೇಳಿದ ಹುಡುಗಿ ಈಗ ಮಂಡ್ಯದಲ್ಲಿ ಡಿಗ್ರಿ ಓದುತ್ತಿದ್ದಾಳೆ. ಊರ ಬಾಗಿಲಿಗೆ ನಾಲ್ಕು ದೀಪ ಬಂದವು, ಮೂರು ಉರಿಯುತ್ತಿವೆ. ನಾಲ್ಕನೆಯದರ ಬಗ್ಗೆ ಈಗಿನ ಒಂಬತ್ತನೇ ತರಗತಿಯವರು ಎರಡು ಪತ್ರ ಬರೆದಿದ್ದಾರೆ, ಎರಡಕ್ಕೂ ಸೀಲು ಬಿದ್ದಿದೆ. ಈ ಶನಿವಾರ ಮೂರನೆಯದು, ಕಚೇರಿ ತೆರೆದಿರುತ್ತದೆ. ಬೆಳಗಿನ ಕ್ಲಾಸ್ ಮುಗಿಸಿ ನಡೆದೇ ಹೋಗುತ್ತೇವೆ.